‘ಕಾಲುವಿ ಅಕ್ಕಿ’ ಹೆಸರು ಬಿಡಿಸಿಕೊಂಡದ್ದು

ಶಹಾಪುರ ಬಸ್‌ಸ್ಟ್ಯಾಂಡ್ ಹಿಂದ ನಂದೊಂದು ಕಂಪ್ಯೂಟರ್ ಅಂಗಡಿ ಅದ. ಪಹಣಿ ತೆಗದು ಕೊಡ್ತೀನಿ, ಅರ್ಜಿ ತುಂಬ್ತೀನಿ, ಯಾರರೆ ಕೇಳಿದ್ರ ವೆಬ್‌ಸೈಟ್ ಸೈತ ಮಾಡಿಕೊಡ್ತೀನಿ. ವೆಬ್‌ಸೈಟಿಗೆ ಒಂದು ಹೆಸರು ಬೇಕು, ಆ ಹೆಸರು ವರ್ಷದ ಲೆಕ್ಕಕ್ಕ ಮಾರಾಕ ಕಂಪನಿಗಳು ಅದಾವ. ಅವರ ಜೋಡಿ ನನಗ ವಾರಕ್ಕೊಂದು ಜಗಳ ಇದ್ದದ್ದೇ. ನನ್ನ ಬಾಯಿ ಮೊದಲೇ ಜೋರು, ನನ್ನಷ್ಟು ಯಾರೂ ಜಗಳ ಗೆಲ್ಲಂಗಿಲ್ಲ ಅಂತ ತಿಳಕೊಂಡಿದ್ದೆ. ಖರೆ ಗೆಲ್ಲೋದಂದ್ರ ಏನಂತ ತೋರಿಸಿದವರು ಸುರಪುರ ಕಡಿ ಕಾಲುವಿ ಕೊನಿಯಾಗಿನ ರೈತರು.

೧. ಸಂತಿ ಬುದ್ಧಿ

ಕಾಲುವಿ ನೀರು ಬಂದ ಮ್ಯಾಲೆ ಆ ಊರಾಗ ಭತ್ತ ಬೆಳ್ಯಾಕತ್ತಾರ. ದಲ್ಲಾಳಿ ಬ್ಯಾಡ, ನಾವೇ ಅಕ್ಕಿ ಮಾರೋಣು ಅಂತ ಸಂಘ ಕಟ್ಟಿದ್ರು. ಸಂಘದ ಅಧ್ಯಕ್ಷರಿಗೆ ಎಲ್ಲಾರೂ ಕಾಕಾ ಅಂತಾರ, ನಾನೂ ಅಂತೀನಿ. "ತಂಗಿ, ‘ಕಾಲುವಿ ಅಕ್ಕಿ’ ಅಂತ ಹೆಸರು ಸಿಗ್ತದೇನು ನೋಡು" ಅಂದ್ರು. ನೋಡಿದೆ, ಖಾಲಿ ಇತ್ತು, ಸಸ್ತಾನೂ ಇತ್ತು. ಕಾಕಾ "ಸಂಘದಾಗ ಒಂದು ಮಾತು ಕೇಳಿ ಬರ್ತೀನಿ" ಅಂತ ಹೋದ್ರು. ಮರುದಿನ ನೋಡಿದ್ರ, ಅದೇ ಹೆಸರನ್ನ ಕಂಪನಿಯವರೇ ಹಿಡಕೊಂಡು ರೇಟು ಆಕಾಶಕ್ಕ ಏರಿಸಿ ಕುಂತಾರ. ನಾವು ಹುಡುಕಿದ್ದು ನೋಡೇ ಹಿಡದಿದ್ರು, ಕಳ್ಳರು.

ನಾನು ಬೈಯಾಕ ಶುರು ಮಾಡಿದೆ. ಕಾಕಾ ಕುರ್ಚಿ ಎಳಕೊಂಡು ಕುಂತ್ರು. "ತಪ್ಪು ನಮ್ಮದವ್ವಾ. ದನದ ಸಂತ್ಯಾಗ ಬೇಕಾದ ಎತ್ತಿನ ಕಡಿ ನೋಡಬಾರದು, ಬಾಜೂ ಎತ್ತಿನ ಹಲ್ಲು ನೋಡಬೇಕು. ಈಗ ‘ಕಾಲುವಿ ಶೇಂಗಾ’ ಅಂತ ಹುಡುಕು."

ಹುಡುಕಿದೆ. ‘ಕಾಲುವಿ ತೊಗರಿ’, ‘ಕಾಲುವಿ ಮೆಣಸಿನಕಾಯಿ’, ‘ಕಾಲುವಿ ಎಮ್ಮಿ’ ತನಕ ಹುಡುಕಿಸಿದ್ರು. ಕಂಪನಿ ಒಂದೊಂದೇ ಹಿಡದು ಇಟ್ಕೊಂತು. ಅಕ್ಕಿ ಕಡಿ ನಾವು ಹೊಳ್ಳಿ ಸೈತ ನೋಡಲಿಲ್ಲ. ಗಿರಾಕಿ ಹೋದ್ರು ಅಂತ ತಿಳಿದು ಅವರು ಅಕ್ಕಿ ಹೆಸರು ಬಿಟ್ಟುಬಿಟ್ರು, ನಾವು ಮೊದಲಿನ ರೇಟಿಗೇ ಅವರ ಕಡಿಂದನೇ ತಗೊಂಡ್ವಿ. ‘ಕಾಲುವಿ ಎಮ್ಮಿ’ ಇವತ್ತಿಗೂ ಅವರ ಕೊಟ್ಟಿಗ್ಯಾಗೇ ಅದ.

೨. ದಿಲ್ಲಿ ಪಾರ್ಟಿ

ಆಮ್ಯಾಲೆ ಒಂದಿನ ಕಾಕಾ ನನ್ನ ಅಂಗಡ್ಯಾಗ ಇದ್ದಾಗಲೇ ಅವರಿಗೆ ಆ ಕಂಪನಿಯವನ ಫೋನ್ ಬಂತು, ಸ್ಪೀಕರ್ ಹಚ್ಚಿದ್ರು. "ಸಾರ್, ದಿಲ್ಲಿಯ ದೊಡ್ಡ ಪಾರ್ಟಿಯೊಂದು ನಿಮ್ಮ ಹೆಸರಿನಂಥ ಹೆಸರುಗಳನ್ನೆಲ್ಲ ತಗೊಳ್ತಿದೆ. ನೀವು ಇವತ್ತೇ ಎಲ್ಲ ಕೊಂಡುಬಿಡಿ." ಇಂಥ ಪಾರ್ಟಿ ಎಲ್ಲೂ ಇರಂಗಿಲ್ಲ, ಹೆದರಿಸಿ ಮಾರೋ ಆಟ ಇದು. ಕಟ್ ಮಾಡ್ರಿ ಅಂತ ನಾನು ಕೈಸನ್ನಿ ಮಾಡಿದೆ. ಕಾಕಾ ಕಟ್ ಮಾಡಲಿಲ್ಲ.

"ಅವರೂ ಅಕ್ಕಿ ಬೆಳಿತಾರೇನಪ್ಪಾ?"

"ಹೌದು ಸಾರ್, ದೊಡ್ಡ ಪ್ರಮಾಣದಲ್ಲಿ."

"ಕಾಲುವಿ ಹೆಸರು ತಗೋತಾರಂದ್ರ ಹೂಳು ತೆಗ್ಯಾಕೂ ಬರಬೇಕು. ಸೋಮವಾರ ನಮ್ಮ ಊರಿನ ಸರದಿ ಅದ. ಸಲಿಕಿ ಅವರೇ ತರಲಿ ಅಂತ ಹೇಳು."

ದಿಲ್ಲಿ ಪಾರ್ಟಿ ಮತ್ತ ಅಕ್ಕಿ ಸುದ್ದಿಗೆ ಬರಲಿಲ್ಲ.

೩. ಪಾಳಿ

ವರ್ಷ ತುಂಬೂದ್ರಾಗ ಹೆಸರು ಓಡಾಕತ್ತಿತು. ಹೈದ್ರಾಬಾದಿನ ಮಂದಿ ನೇರ ಆರ್ಡರ್ ಹಾಕತಿದ್ರು. ಹೊಸ ಚೀಲದ ಮ್ಯಾಲೆಲ್ಲಾ ಅದೇ ಹೆಸರು ಛಾಪಿಸಿದ್ರು. ಅದನ್ನ ನೋಡಿ ಕಂಪನಿ ಮುಂದಿನ ವರ್ಷದ ರೇಟು ಏರಿಸಿತು. ನಾವು ಬ್ಯಾರೆ ಕಂಪನಿಗೆ ಹೋಗ್ತೀವಿ ಅಂದ್ವಿ. ಹೋಗಬೇಕಂದ್ರ ಇವರು ಒಂದು ಕೋಡ್ ಕೊಡಬೇಕು, ಕೀಲಿಕೈ ಇದ್ದಂಗ. "ನಾಳೆ ಕೊಡ್ತೀವಿ ಮೇಡಂ" ಅಂತ ದಿನಾ ದೂಡಿದ್ರು. ವರ್ಷದ ಗಡುವು ಮುಗಿದ್ರ ಹೆಸರು ಹರಾಜಿಗೆ ಹೋಗ್ತದ, ಯಾವನರೆ ದಲ್ಲಾಳಿ ಹಿಡಿತಾನ, ಚೀಲ ಎಲ್ಲಾ ಅವನ ಹೆಸರಿಗೆ ದುಡೀತಾವ. ನಾನು ಒದರ್ಯಾಡಿದೆ, ಫೋನ್ ಇಟ್ಟುಬಿಟ್ರು. ನನಗ ಅಳುನೇ ಬಂತು.

ಕಾಕಾ ಅಂದ್ರು, "ಮ್ಯಾಲಿನ ಊರವರು ಕಾಲುವಿ ಗೇಟು ಇಳಿಸಿದಾಗ ನಾವು ಒದರ್ಯಾಡ್ತೀವೇನು? ರೊಟ್ಟಿ ಕಟ್ಕೊಂಡು ಗೇಟಿನ ಬುಡಕ ಪಾಳಿ ಪ್ರಕಾರ ಕೂಡ್ತೀವಿ. ಗೇಟಿನವನ ಜೋಡಿ ಚಂದಾಗಿ ಮಾತಾಡ್ತೀವಿ. ಬ್ಯಾಸತ್ತು ಅವನೇ ಎತ್ತತಾನ. ಆ ಕಂಪನಿ ನಂಬರ್ ಎಲ್ಲಾರಿಗೂ ಕೊಡು."

ನೀರಿನ ಪಾಳಿ ಇದ್ದಂಗೇ ಫೋನಿನ ಪಾಳಿ ಹಾಕಿದ್ರು. ಒಬ್ಬರದು ಮುಗಿಯೂದ್ರಾಗ ಇನ್ನೊಬ್ಬರದು. ಯಾರೂ ಒಂದು ಬಿರುಸು ಮಾತು ಆಡಲಿಲ್ಲ. "ನಮಸ್ಕಾರ್ರಿ, ಊಟ ಆಯ್ತೇನ್ರಿ? ಕೋಡಿನ ಸಲುವಾಗಿ ಮಾಡೀನ್ರಿ. ಅವಸರ ಇಲ್ರಿ, ನಾ ಕುಂತೀನಿ." ಕಂಪನಿಯವರು ಸಂಗೀತ ಹಚ್ಚಿ ಕಾಯಿಸಿದ್ರು. ಇವರು ಫೋನ್ ಕಿಸೆದಾಗ ಇಟ್ಕೊಂಡು ದನಕ್ಕ ಮೇವು ಹಾಕಿದ್ರು. ಒಬ್ಬ ಹೆಣ್ಮಗಳು ಆ ಸಂಗೀತ ಚಲೋ ಅದಂತ ಅದನ್ನ ಕೇಳಕೋತ ರೊಟ್ಟಿ ಬಡದಳು. ಕಡಿಗೆ ಫೋನ್ ಎತ್ತೋ ಹುಡುಗಿ ತಾನೇ ಕೇಳಾಕತ್ತಿದಳು, "ನಿಮ್ಮ ಎಮ್ಮೆ ಕರು ಹಾಕ್ತಾ?" ಕಂಪನಿಗೆ ಬ್ಯಾರೆ ಗಿರಾಕಿ ಫೋನೇ ಹತ್ತದಂಗಾತು.

ಗಡುವು ಇನ್ನೂ ಇರೂದ್ರಾಗೇ ಅಲ್ಲಿನ ಮ್ಯಾನೇಜರ್ ನನಗ ಫೋನ್ ಮಾಡಿದ. "ಕೋಡ್ ಕಳಿಸಿದೀನಿ ಮೇಡಂ. ದಯವಿಟ್ಟು ಅವರನ್ನ ನಿಲ್ಲಿಸಿ." ಹೆಸರು ಹೊಸ ಕಂಪನಿಗೆ ಬಂತು, ನಾನು ಅಂಗಡ್ಯಾಗೇ ಕುಣದೆ.

ಅಷ್ಟರಾಗ ಕಟ್ಟಕಡೀ ಹೊಲದ ಮುದುಕಿಯೊಬ್ಬಾಕಿ ಫೋನ್ ಹಿಡಕೊಂಡು ಬಂದಳು. "ಈಗ ನನ್ನ ಪಾಳಿ. ಹಚ್ಚಿಕೊಡವ್ವಾ."

"ಆಯೀ, ಕೋಡ್ ಬಂತು."

"ಬರಲಿ. ಪ್ರತಿ ಸಲ ನನ್ನ ಪಾಳಿ ಬರೂದ್ರಾಗ ನೀರು ಮುಗದಿರ್ತದ. ಇದನ್ನ ಬಿಡಂಗಿಲ್ಲ."

ಹಚ್ಚಿಕೊಟ್ಟೆ. ಮ್ಯಾನೇಜರನೇ ಎತ್ತಿದ. "ಕೋಡ್ ಕೊಟ್ಟಾಯ್ತಲ್ಲ ಅಜ್ಜಿ, ಇನ್ನೇನು ಬೇಕು?"

"ಏನೂ ಬ್ಯಾಡಪ್ಪಾ. ಪಾಳಿ ನಂದು, ಕುಂತೀನಿ. ಊಟ ಆಯ್ತೇನು? ನಿಮ್ಮ ಮನ್ಯಾಗ ಯಾವ ಅಕ್ಕಿ ಉಣ್ತೀರಿ?"

ತನ್ನ ಪಾಳಿ ಪೂರ್ತಿ ಮುಗಿಯೂತನಕ ಮುದುಕಿ ಫೋನ್ ಇಡಲಿಲ್ಲ. ಹೊಸ ಕಂಪನಿಗೆ ಬಂದ ಮ್ಯಾಲೆ ‘ಕಾಲುವಿ ಅಕ್ಕಿ’ಗೆ ಬಿದ್ದ ಮೊದಲನೇ ಆರ್ಡರ್ ಆ ಮ್ಯಾನೇಜರನದೇ, ಒಂದು ಚೀಲ. ಕೆಳಗ ಒಂದು ಸಾಲು ಬರದಿದ್ದ: ದಯವಿಟ್ಟು ಫೋನ್ ಮಾಡಬೇಡಿ, ಬಾಗಿಲಲ್ಲಿ ಇಟ್ಟು ಹೋಗಿ.