ಏಳನೇ ಗುಡ್ಡೆ

ಕುರಿಮಾಂಸದ ಸತ್ವದ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಜಯನಗರದ ಶಾಲೆಯಲ್ಲಿ ಆ ಪಾಠ ಹೇಳುತ್ತಿದ್ದವನೇ ನಾನು! ಮಾಂಸದಲ್ಲಿ ಸಸಾರಜನಕ, ಈಲಿಯಲ್ಲಿ, ಅಂದರೆ ಯಕೃತ್ತಿನಲ್ಲಿ, ರಕ್ತಕ್ಕೆ ಬೇಕಾದ ಕಬ್ಬಿಣ, ಕಾಲು ಸೂಪಿನಲ್ಲಿ ಮೂಳೆಗೆ ಬಲ, ಎಲ್ಲ ಬಾಯಿಪಾಠ. ಮೈ ಮಾತ್ರ ಬಟ್ಟೆ ಒಣಹಾಕುವ ಗಳದಂತಿತ್ತು.

ಪಕ್ಕದ ಮನೆಯ ಮುನಿವೆಂಕಟಪ್ಪನವರಿಗೆ ಓದುಬರಹ ಅಷ್ಟಕ್ಕಷ್ಟೆ. ಬಡಾವಣೆ ಬರುವ ಮುಂಚೆ ಇಲ್ಲೇ ರಾಗಿ ಬೆಳೆಯುತ್ತಿದ್ದವರು. ಅರವತ್ತು ದಾಟಿದ ಈ ಮನುಷ್ಯ, ನಾನು ಬೆಳಗಿನಿಂದ ಗುದ್ದಾಡುತ್ತಿದ್ದ ನಮ್ಮ ಒರಳುಕಲ್ಲನ್ನು ಒಬ್ಬರೇ ಎತ್ತಿ ಹಿತ್ತಲಲ್ಲಿಟ್ಟುಬಿಟ್ಟರು.

"ಈಲಿ, ಕಾಲು ಸೂಪು ತಿಂದ ಮೈ ಅಂದ್ರೆ ಅದು ಕಣ್ರೀ!" ಎಂದಳು ನನ್ನಾಕೆ, ಅವರ ತೋಳನ್ನೇ ನೋಡುತ್ತಾ.

ನನ್ನ ಹೊಟ್ಟೆ ಧಗಧಗ ಉರಿಯಿತು. ಹದಿನೈದು ವರ್ಷದ ಸಂಸಾರದಲ್ಲಿ ಆಕೆ ನನ್ನ ತೋಳನ್ನು ಹಾಗೆ ನೋಡಿದ್ದು ದಡಾರದ ಗುಳ್ಳೆ ಎಣಿಸುವಾಗ ಮಾತ್ರ!

ಯುಗಾದಿಯ ಮರುದಿನ ಹೊಸತೊಡಕು. ಬೀದಿಯ ಏಳು ಮನೆಯವರು ಸೇರಿ ಒಂದು ಕುರಿ ಕೊಯ್ಯಿಸಿ, ಮುತ್ತುಗದೆಲೆಯ ಮೇಲೆ ಏಳು ಗುಡ್ಡೆ ಹಾಕಿ ಹಂಚಿಕೊಳ್ಳುವುದು ರೂಢಿ. ಪ್ರತಿ ಗುಡ್ಡೆಯಲ್ಲೂ ಎಲ್ಲ ಭಾಗದ ಚೂರೂ ಇರಬೇಕು. ಮೋಸವಾಗದಿರಲೆಂದು, ಗುಡ್ಡೆ ಹಾಕಿದವನು ಎಲ್ಲರೂ ಆರಿಸಿಕೊಂಡ ಮೇಲೆ ಉಳಿದದ್ದನ್ನು ಎತ್ತಿಕೊಳ್ಳಬೇಕು.

"ಈ ಸಲ ಗುಡ್ಡೆ ನಾನು ಹಾಕ್ತೀನಿ" ಎಂದೆ.

ಎಲ್ಲರೂ ಮುಖ ಮುಖ ನೋಡಿಕೊಂಡರು. "ಓದಿದೋರು, ಹಾಕ್ಲಿ ಬಿಡ್ರಪ್ಪ" ಎಂದರು ಮುನಿವೆಂಕಟಪ್ಪ.

ನನ್ನ ಯೋಜನೆ ಅತ್ಯಂತ ವೈಜ್ಞಾನಿಕವಾಗಿತ್ತು. ಈಲಿಯಷ್ಟನ್ನೂ, ನಾಲ್ಕು ಕಾಲನ್ನೂ ಏಳನೇ ಗುಡ್ಡೆಯ ತಳಕ್ಕೆ ಸೇರಿಸಿ ಮೇಲೆ ಬರೀ ಕೊಬ್ಬು ಮುಚ್ಚಿದೆ. ಮಿಕ್ಕ ಆರಕ್ಕೂ ತೊಡೆಯ ಮಾಂಸ ಧಾರಾಳವಾಗಿ ಹರಡಿದೆ. ನನ್ನ ದರಿದ್ರ ಗುಡ್ಡೆಯನ್ನು ಯಾರು ಮುಟ್ಟುತ್ತಾರೆ?

ಐವರು ಕೆದಕಿಯೂ ನೋಡದೆ ಒಂದೊಂದು ಎತ್ತಿಕೊಂಡು ಹೋಗಿ ಜಗಲಿಯ ಮೇಲೆ ಕೂತರು. ಆರನೆಯವರು ಮುನಿವೆಂಕಟಪ್ಪ. ಉಳಿದ ಎರಡು ಗುಡ್ಡೆ ನೋಡಿದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಪಾಪ, ಮೇಷ್ಟ್ರು ಬೆಳಗಿಂದ ಬೆವರು ಸುರ್ಸವ್ರೆ. ಈ ಕೊಬ್ಬು ಅವರಿಗ್ಯಾಕೆ? ನಾನೇ ತಗತೀನಿ. ನೀವು ಆ ದೊಡ್ಡದು ಎತ್ಕಳಿ ಮೇಷ್ಟ್ರೇ, ಮೈಗೆ ಹತ್ಲಿ!"

"ಬೇಡಿ! ರೂಢಿ ಅಂದ್ರೆ ರೂಢಿ!" ಎಂದು ಎಲೆ ಹಿಡಿದೆಳೆದೆ. ಅವರೂ ಪ್ರೀತಿಯಿಂದ ಎಳೆದರು. ಅವರ ಪ್ರೀತಿಗೆ ಬಲ ಜಾಸ್ತಿ. ಎಲೆ ಹರಿಯಿತು. ಈಲಿ ಸಮೇತ ನಾಲ್ಕು ಕಾಲುಗಳೂ ಸಮಸ್ತ ಬೀದಿಗೆ ದರ್ಶನ ಕೊಟ್ಟವು!

ಗೇಟಿನಲ್ಲಿ ನನ್ನಾಕೆ ಸೆರಗು ಕಚ್ಚಿಕೊಂಡು ನಿಂತಿದ್ದಳು.

"ಮೇಷ್ಟ್ರಿಗೆ ಈ ಕೆಲ್ಸ ಹೊಸದು, ಬೆರ್ಸೋದು ಮರ್ತವ್ರೆ ಅಷ್ಟೆ" ಎಂದು ಮುನಿವೆಂಕಟಪ್ಪ ಎಲ್ಲರ ಪಾಲನ್ನೂ ವಾಪಸು ತರಿಸಿ, ಮತ್ತೆ ಏಳು ಗುಡ್ಡೆ ಹಾಕಿದರು.

ಸಂಜೆ ಅವರ ಹೆಂಡತಿ ಗೌರಮ್ಮ ಪಾತ್ರೆ ಹಿಡಿದು ಬಂದರು. "ನಮ್ಮ ಪಾಲಿನ ಕಾಲು, ಈಲಿ ಹಾಕಿ ಸೂಪು ಕಾಯ್ಸಿವ್ನಿ. ಮೇಷ್ಟ್ರಿಗೆ ಕೊಟ್ಬಾ ಅಂದ್ರು ನಮ್ಮೆಜಮಾನ್ರು."

"ನೋಡಿದ್ರಾ, ಮನಸ್ಸೂ ಎಷ್ಟು ದೊಡ್ಡದು ಅವರದ್ದು!" ಎಂದಳು ನನ್ನಾಕೆ.

ಅಲ್ಲಿಯವರೆಗೆ ಅವರ ತೋಳಿನ ಮೇಲಷ್ಟೇ ಇದ್ದ ಹೊಟ್ಟೆಕಿಚ್ಚು ಈಗ ಅವರ ಮನಸ್ಸಿನ ಮೇಲೂ ಹಬ್ಬಿತು. ಆ ಸೂಪನ್ನು ಪ್ರಾಣ ಹೋದರೂ ಮುಟ್ಟುವುದಿಲ್ಲವೆಂದು ಶಪಥ ಮಾಡಿ ಗೋಡೆಗೆ ಮುಖ ಮಾಡಿ ಕೂತೆ. ಮೆಣಸಿನ ಘಮ ಗೋಡೆಯ ಕಡೆಗೂ ಬಂತು.

ಸ್ವಲ್ಪ ಹೊತ್ತಿನ ಮೇಲೆ ಖಾಲಿ ಲೋಟ ಚಾಚಿ ಮೆಲ್ಲಗೆ ಕೇಳಿದೆ:

"ಇನ್ನೂ ಇದೆಯೇನೇ?"