ಅತ್ತೆಮ್ಮನ ಎರಡು ಗಂಟೆ

ನಮ್ಮ ಮನೆಯಲ್ಲಿ ದಿನಾ ರಾತ್ರಿ ಎರಡು ಗಂಟೆಗೆ ಕಳ್ಳತನವಾಗುತ್ತದೆ. ಪೊಲೀಸರಿಗೆ ಹೇಳುವಂತಿಲ್ಲ. ಕಳ್ಳರು ಹೊರಗಿನಿಂದ ಬರುವವರಲ್ಲ, ನಡುಮನೆಯ ಪಕ್ಕದ ಕೋಣೆಯಲ್ಲೇ ಮಲಗಿರುತ್ತಾರೆ. ವಯಸ್ಸು ಎಪ್ಪತ್ತೆರಡು, ಎಡಗಾಲಿಗೆ ಬ್ಯಾಂಡೇಜು. ಬೆಳಿಗ್ಗೆ ಎದ್ದು ಮುಖ ತೊಳೆದು, ಹಣೆಗೆ ವಿಭೂತಿ ಇಟ್ಟು, ದೇವರಿಗೆ ಕೈಮುಗಿದು, "ರಾತ್ರಿ ಬೆಕ್ಕು ಬಂದಿತ್ತೇನವ್ವ, ಚಕ್ಲಿ ಡಬ್ಬ ತೆರ್ದದಲ್ಲ?" ಎಂದು ನನ್ನನ್ನೇ ವಿಚಾರಣೆ ಮಾಡುತ್ತಾರೆ. ತಿರುಪಿನ ಮುಚ್ಚಳ ತೆಗೆದು ಚಕ್ಕುಲಿ ತಿನ್ನುವ ಬೆಕ್ಕು ಮಂಡ್ಯ ಜಿಲ್ಲೆಯಲ್ಲಿ ಎಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ, ನಾನೇ ಬಂದು ಕಾಲಿಗೆ ಬೀಳುತ್ತೇನೆ!

ಇವರೇ ನಮ್ಮತ್ತೆ. ನಾನು ಕರೆಯುವುದು ಅತ್ತೆಮ್ಮ ಎಂದು.

ಅತ್ತೆಮ್ಮ ಹುಟ್ಟುಗಳ್ಳಿಯಲ್ಲ, ಅವರನ್ನು ಕೆಡಿಸಿದ್ದು ಕರೆಂಟು. ಕೆರಗೋಡಿನ ಹತ್ತಿರ ಮೂರು ಎಕರೆ ಗದ್ದೆ, ಅದಕ್ಕೊಂದು ಪಂಪ್‌ಸೆಟ್ಟು. ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟು ಹಗಲು ಹೊತ್ತು ಬಂದರೆ ಅದಕ್ಕೇ ಅವಮಾನವೇನೋ, ರಾತ್ರಿ ಎರಡಕ್ಕೇ ಬರುತ್ತಿತ್ತು. ನಮ್ಮ ಮಾವನವರಿಗೆ ಇರುಳುಗಣ್ಣು. ಹಾಗಾಗಿ ಟಾರ್ಚು ಹಿಡಿದು ಗದ್ದೆಗೆ ಹೋಗಿ ಮೋಟರು ಹಾಕಿ ನೀರು ತಿರುಗಿಸಿ ಬರುವ ಕೆಲಸ ಅತ್ತೆಮ್ಮನದು. ಬಂದ ಮೇಲೆ ನಿದ್ದೆ ಬರಬೇಕಲ್ಲ? ತಂಗಳು ಮುದ್ದೆ, ಸ್ವಲ್ಪ ಮಜ್ಜಿಗೆ, ಕಡೆಗೊಂದು ಅಚ್ಚು ಬೆಲ್ಲ. ಮೂವತ್ತು ವರ್ಷ ಹೀಗೇ ನಡೆಯಿತು. ಮಾವ ತೀರಿಕೊಂಡ ಮೇಲೆ ಗದ್ದೆಯನ್ನು ಬೇರೆಯವರಿಗೆ ಬೆಳೆಯ ಪಾಲಿನ ಮೇಲೆ ವಾರಕ್ಕೆ ಕೊಟ್ಟು ಮಂಡ್ಯಕ್ಕೆ ನಮ್ಮ ಮನೆಗೆ ಬಂದರು. ಮೋಟರು ಅಲ್ಲೇ ಉಳಿಯಿತು, ಹಸಿವು ಮಾತ್ರ ಗಂಟುಮೂಟೆಯ ಜೊತೆ ಬಂತು.

ತಿನ್ನಲಿ ಬಿಡಿ, ವಯಸ್ಸಾದವರು, ಎನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಅವರಿಗೆ ಸಕ್ಕರೆ ಕಾಯಿಲೆ ಇರುವುದು ತಿಳಿಯಿತು. ಹೊಸ ಚಪ್ಪಲಿ ಕಚ್ಚಿ ಎಡಗಾಲಿನ ಹೆಬ್ಬೆರಳಿಗೆ ಹುಣ್ಣಾಯಿತು. ಎರಡು ತಿಂಗಳಾದರೂ ಮಾಯಲಿಲ್ಲ. ಡಾಕ್ಟರು ಪ್ರತಿ ಸಲವೂ ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕುತ್ತಿದ್ದರು. "ರಾತ್ರಿ ಏನಾದರೂ ತಿಂತೀರೇನಮ್ಮ?" ಎಂದರೆ ಅತ್ತೆಮ್ಮ ಸೆರಗು ಸರಿಮಾಡಿಕೊಂಡು, "ಅಯ್ಯೋ, ಏಳ್ ಗಂಟ್ಗೆ ಅರ್ಧ ಮುದ್ದೆ ಉಂಡ್ರೆ ಮುಗೀತು, ನೀರೂ ಮುಟ್ಟಾಕಿಲ್ಲ" ಎನ್ನುವರು. ಪಾಪ, ಡಾಕ್ಟರು ನಂಬಿ ಮಾತ್ರೆ ಜಾಸ್ತಿ ಮಾಡುವರು. ಪಕ್ಕದಲ್ಲಿ ಕೂತ ನಾನು ಬಾಯಿ ತೆರೆದರೆ ಅತ್ತೆಮ್ಮ ನನ್ನ ತೊಡೆ ಚಿವುಟುವರು. ಹೀಗೇ ಹೋದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಒಂದು ದಿನ ಡಾಕ್ಟರು ಗಟ್ಟಿಯಾಗಿಯೇ ಹೇಳಿಬಿಟ್ಟರು. ಅತ್ತೆಮ್ಮ ಕಾಲನ್ನೊಮ್ಮೆ ನೋಡಿಕೊಂಡು, "ಅತ್ತು ಬೆರ್ಳವೆ ಡಾಕ್ಟ್ರೇ, ಒಂದೋದ್ರೆ ಏನ್ ಮಾ ನಷ್ಟ?" ಎಂದರು.

ಅವತ್ತು ಶುರುವಾಯಿತು ನನ್ನ ಯುದ್ಧ. ಅದರಲ್ಲಿ ನಾನು ಗೆದ್ದ ಒಂದು ದಿನವನ್ನಾದರೂ ಇಲ್ಲಿ ಬರೆಯೋಣವೆಂದರೆ ಸಿಗುತ್ತಿಲ್ಲ.

ಮೊದಲು ಕುರುಕಲು ಡಬ್ಬಗಳನ್ನೆಲ್ಲ ಎದುರುಮನೆಗೆ ಸಾಗಿಸಿದೆ. ಅತ್ತೆಮ್ಮ ಹಸಿ ಕಡ್ಲೇಬೀಜಕ್ಕೆ ಇಳಿದರು. ಅದನ್ನೂ ಸಾಗಿಸಿದೆ. ಕೊಬ್ಬರಿ ಗಿಟಕು ಮಾಯವಾಯಿತು. ಕೊನೆಗೆ ದೇವರ ಮುಂದೆ ನೈವೇದ್ಯಕ್ಕಿಟ್ಟ ಬೆಲ್ಲವೂ ಬೆಳಗಾಗುವುದರೊಳಗೆ ಇಲ್ಲ! ಕೇಳಿದರೆ ಕೋಪ ಬೇರೆ. "ದೇವ್ರ ಮುಂದೆ ಇಟ್ಮ್ಯಾಕೆ ಅದು ಪ್ರಸಾದ ಕಣವ್ವ. ಪ್ರಸಾದ ಬ್ಯಾಡ ಅಂದ್ರೆ ಪಾಪ ಬತ್ತದೆ. ಟೀಚರಾಗಿ ಅಷ್ಟೂ ಗೊತ್ತಿಲ್ವ ನಿಂಗೆ?"

ಅಡಿಗೆಮನೆ ಬಾಗಿಲಿಗೆ ಸ್ಟೀಲು ಪಾತ್ರೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟೆ. ಮುಟ್ಟಿದರೆ ಬೀಳಬೇಕು, ಬಿದ್ದರೆ ಬೀದಿಯೇ ಏಳಬೇಕು. ರಾತ್ರಿಯೆಲ್ಲ ಒಂದು ಸದ್ದಿಲ್ಲ. ಗೆದ್ದೆನೆಂದು ಬೆಳಿಗ್ಗೆ ಹಲ್ಲುಜ್ಜುವಾಗ ಸಣ್ಣಗೆ ಹಾಡೂ ಹೇಳಿಕೊಂಡೆ. ಬಂದು ನೋಡಿದರೆ ಪಾತ್ರೆಗಳು ದೊಡ್ಡದರ ಮೇಲೆ ಚಿಕ್ಕದು, ಚಿಕ್ಕದರ ಮೇಲೆ ಇನ್ನೂ ಚಿಕ್ಕದು, ಲಕ್ಷಣವಾಗಿ ಕೂತಿವೆ. ನಾನು ಹಾಗೆ ಇಟ್ಟಿರಲಿಲ್ಲ. ಹಿಂದಿನಿಂದ ಅತ್ತೆಮ್ಮ, "ಪಾತ್ರೆ ಇಂಗಾ ಜೋಡ್ಸೋದು ಮಗ? ಮ್ಯಾಲೆ ಬೀಳದಿಲ್ವ? ನಾನೇ ಸರ್ಯಾಗಿ ಇಟ್ಟೆ" ಎಂದರು. ತಪ್ಪೊಪ್ಪಿಗೆಯೂ ಆಯಿತು, ನನಗೊಂದು ಪಾಠವೂ ಆಯಿತು.

ಸರಿ, ಬಾಗಿಲಿಗೆ ಬೀಗ! ಬೀಗದ ಕೈ ನನ್ನ ದಿಂಬಿನ ಕೆಳಗೆ. ಹದಿನೈದು ದಿನ ಮನೆ ಶಾಂತವಾಗಿತ್ತು. ಆದರೆ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇನ್ನೂ ಏರಿದೆ! ಅನುಮಾನ ಬಂದು ಅವರ ಕೋಣೆಯ ಟ್ರಂಕು ತೆಗೆದೆ. ಮದುವೆಯ ಸೀರೆಯ ಮಡಿಕೆಯಲ್ಲಿ ಎಣ್ಣೆ ಜಿನುಗುವ ಕಾಗದದ ಪೊಟ್ಟಣ, ಒಳಗೆ ಮದ್ದೂರು ವಡೆ, ಇನ್ನೂ ಗರಿಗರಿಯಾಗಿದೆ. ಮದ್ದೂರು ವಡೆಗೆ ತಾನಾಗಿ ಮಂಡ್ಯಕ್ಕೆ ನಡೆದು ಬರುವ ಶಕ್ತಿ ಇದೆಯೇ? ನಮ್ಮ ಮನೆಯಿಂದ ದಿನಾ ಮದ್ದೂರಿಗೆ ಆಫೀಸಿಗೆ ಹೋಗಿ ಬರುವ ಪ್ರಾಣಿ ಒಂದೇ ಒಂದು, ನನ್ನ ಗಂಡ. ಸಂಜೆ ಹಿಡಿದು ನಿಲ್ಲಿಸಿದೆ.

"ಅವ್ವ ಕೇಳ್ದಾಗ ಇಲ್ಲ ಅನ್ನಕ್ಕಾಯ್ತದೇನೆ?" ಎಂದರು, ನೆಲ ನೋಡುತ್ತಾ.

"ಬೆರಳು ಕತ್ತರಿಸ್ತೀನಿ ಅಂತ ಡಾಕ್ಟ್ರು ಹೇಳಿದ್ದು ನಿಮ್ಮ ಕಿವಿಗೆ ಬೀಳಲಿಲ್ವಾ?"

"ಅದ್ಕೇ ಕಣೆ, ಅರ್ಧ ನಾನೇ ದಾರೀಲಿ ತಿಂದ್ಬುಟ್ಟು ತತ್ತಿದ್ದೆ."

ಒಳಗಿನಿಂದ ಅತ್ತೆಮ್ಮನ ದನಿ ಕೇಳಿತು: "ಬಡ್ಡೆತ್ತದೇ! ಅದ್ಕಾ ಪೊಟ್ಣ ಅಷ್ಟ್ ಅಗೂರ ಇರ್ತಿದ್ದದ್ದು!"

ಇಂಥ ಮನೆಯಲ್ಲಿ ನಾನು ಯಾರನ್ನು ತಾನೇ ತಿದ್ದಲಿ? ಜಾಗ ಬದಲಾದರೆ ಅಭ್ಯಾಸ ತಪ್ಪಬಹುದೆಂದು ಮಳವಳ್ಳಿಯ ನಾದಿನಿಯ ಮನೆಗೆ ಕಳಿಸಿದೆ. ಅವಳ ಮನೆಯಲ್ಲಿ ಅವಳ ಅತ್ತೆ ಮಹಾ ನೇಮದವರು. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ ಹೆಂಗಸು, ಅವರ ಜೊತೆಯಲ್ಲಿ ಇವರೂ ತಿದ್ದಿಕೊಂಡಾರು ಎಂಬ ಆಸೆ. ಎಂಟನೇ ದಿನ ನಾದಿನಿಯ ಫೋನು. "ಅತ್ತಿಗೆ, ದಮ್ಮಯ್ಯ, ಬಂದು ಅವ್ವನ್ನ ಕರ್ಕೊಂಡೋಗಿ. ರಾತ್ರಿ ಎರಡು ಗಂಟೇಲಿ ಇಬ್ರೂ ಹಿಂದ್ಗಡೆ ಕಟ್ಟೆ ಮ್ಯಾಲೆ ಕುಂತ್ಕೊಂಡು ನಿಪ್ಪಟ್ಟು ತಿಂತಾವ್ರೆ. ನಮ್ಮತ್ತೆ ಈಗ ಅಲಾರಂ ಇಟ್ಕೊಂಡು ಏಳ್ತಾವ್ರೆ!"

ಮನುಷ್ಯರಿಂದ ಆಗದ್ದು ದೇವರಿಂದಾದರೂ ಆಗಲಿ ಎಂದು ಒಂದು ಸೋಮವಾರ ಬಸ್ಸು ಹತ್ತಿಸಿ ಚಿಕ್ಕರಸಿನಕೆರೆಯ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ನಮ್ಮ ಕಡೆ ಆ ದೇವರ ಮುಂದೆ ಸುಳ್ಳು ಆಣೆ ಮಾಡಲು ಎಂಥ ಗಂಡೆದೆಯೂ ನಡುಗುತ್ತದೆ. ಅತ್ತೆಮ್ಮ ಮಿಂದು ಮಡಿಯಾಗಿ ಕರ್ಪೂರದ ಮುಂದೆ ಕೈಮುಗಿದು, "ಇನ್ನು ರಾತ್ರಿ ಎಲ್ಡು ಗಂಟ್ಗೆ ಎದ್ದು ತಿನ್ನಾಕಿಲ್ಲ, ನಿನ್ನಾಣೆ" ಎಂದರು. ನನ್ನ ಕಣ್ಣು ತುಂಬಿ ಬಂತು. ಅವತ್ತು ರಾತ್ರಿ ಎರಡಾಯಿತು, ಕದಲಲಿಲ್ಲ. ಎರಡೂವರೆ ಆಯಿತು, ಕದಲಲಿಲ್ಲ. ದೇವರು ದೊಡ್ಡವನು ಎಂದು ನಾನು ಕಣ್ಣು ಮುಚ್ಚುವಷ್ಟರಲ್ಲಿ ಕಟಕಟ ಸದ್ದು! ಓಡಿ ಹೋದರೆ ಕೋಣೆಯಲ್ಲಿ ಮಂಚದ ಮೇಲೆ ಕೂತು ಹುರಿಗಾಳು ಜಗಿಯುತ್ತಿದ್ದಾರೆ.

"ಅತ್ತೆಮ್ಮ! ದೇವರ ಮುಂದೆ ಆಣೆ ಮಾಡಿದ್ರಲ್ಲ!"

"ಎಲ್ಡು ಗಂಟ್ಗೆ ಅಂದಿದ್ದು. ಗಡಿಯಾರ ನೋಡು, ಈಗ ಮೂರಾಗದೆ."



ಕಡೆಯ ಉಪಾಯವೆಂದು ಅವರ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿ ನಾನೇ ಮಲಗಿದೆ, ದಾಟಿ ಹೋಗಲಿ ನೋಡೋಣ ಎಂದು. ಅವರು ದಾಟಲಿಲ್ಲ. ಎದ್ದು ಬಂದು ನನ್ನ ಪಕ್ಕದಲ್ಲೇ ಕೂತು ತಲೆ ನೇವರಿಸಿ, "ನಿದ್ದೆ ಬರ್ನಿಲ್ವ ಮಗ? ಒಟ್ಟೆ ಅಸ್ದದೆ ನಿಂಗೆ. ಬರಿ ಒಟ್ಟೇಲಿ ಎಲ್ಲಿ ನಿದ್ದೆ ಬತ್ತದೆ?" ಎಂದರು. ಹಸಿವಿಲ್ಲ ಎಂದೆ. ಅವಲಕ್ಕಿಗೆ ಒಂಚೂರು ಕಾಯಿ, ಬೆಲ್ಲ ಹಾಕಿದರೆ ಹೇಗಿರುತ್ತದೆಂದು ಮೆಲ್ಲಗೆ ವರ್ಣಿಸಿದರು. ಅರ್ಧ ಗಂಟೆಯಲ್ಲಿ ಅಡಿಗೆಮನೆಯ ಬೀಗ ತೆಗೆದವಳು ನಾನೇ! ಅವಲಕ್ಕಿ ಕಲಸಿದವಳೂ ನಾನೇ. ಆ ತಿಂಗಳು ನನ್ನ ರವಿಕೆಗಳೆಲ್ಲ ಬಿಗಿಯಾದವು. ನಾನು ಪಾಠ ಮಾಡುವ ದುದ್ದದ ಶಾಲೆಯಲ್ಲಿ ಮಕ್ಕಳು ಏಳರ ಮಗ್ಗಿ ಹೇಳುವಾಗ ನಾನು ಕುರ್ಚಿಯಲ್ಲೇ ತೂಕಡಿಸಿದೆ. ಕಣ್ಣು ಬಿಟ್ಟಾಗ ಅವರು ಹತ್ತೊಂಬತ್ತರ ಮಗ್ಗಿಗೆ ಹೋಗಿದ್ದರು, ತಪ್ಪಿಲ್ಲದೆ. ಎಚ್ಚರವಾಗಿರುವ ಟೀಚರಿಗಿಂತ ನಿದ್ದೆ ಮಾಡುವ ಟೀಚರೇ ವಾಸಿ ಎಂದು ಹೆಡ್ಮೇಷ್ಟ್ರು ಹೇಳಲಿಲ್ಲ, ಆದರೆ ಅವರ ಮುಖ ಹೇಳಿತು.

ನಗುತ್ತಿದ್ದೀರಿ, ನಗಿ. ಬೆಳಿಗ್ಗೆ ಆರು ಗಂಟೆಗೆ ಆ ಬ್ಯಾಂಡೇಜು ಬಿಚ್ಚುವವಳು ನಾನು. ದಿನಾ ಉಪ್ಪುನೀರಿನ ಬಾಟಲಿ ಹಿಡಿದು ಹುಣ್ಣು ತೊಳೆಯುವಾಗ ಇವತ್ತು ಒಂದು ಎಳೆಯಷ್ಟಾದರೂ ಚಿಕ್ಕದಾಗಿರಬಹುದು ಎಂದು ಬಗ್ಗಿ ನೋಡುತ್ತಿದ್ದೆ. ಆಗುತ್ತಿರಲಿಲ್ಲ. ಒಂದು ದಿನ ಉಗುರಿನ ಬುಡ ಕಪ್ಪಗೆ ಕಂಡಿತು. ಡಾಕ್ಟರು ನೋಡಿ, ಇನ್ನು ಒಂದು ತಿಂಗಳು ಕಾಯುತ್ತೇನೆ, ಅಷ್ಟೇ ಎಂದರು. ಮನೆಗೆ ಬಂದು ಮಣೆ ಹಾಕಿ ಕೂತು, ಅವರ ಪಾದ ನನ್ನ ಮಡಿಲಲ್ಲಿಟ್ಟುಕೊಂಡು ಹೊಸ ಬಟ್ಟೆ ಸುತ್ತುತ್ತಿದ್ದೆ. ಮೂವತ್ತು ವರ್ಷ ಕತ್ತಲೆಯಲ್ಲಿ ಬದುವಿನ ಮೇಲೆ ಓಡಾಡಿದ ಪಾದ, ಹಿಮ್ಮಡಿಯೆಲ್ಲ ಬಿರುಕು. ಇದನ್ನು ಉಳಿಸಿಕೊಳ್ಳಲು ನನ್ನ ಕೈಲಿ ಆಗಲಿಲ್ಲವಲ್ಲ ಅನ್ನಿಸಿತು. ಅಳಬಾರದು ಎಂದುಕೊಂಡರೂ ಅಳು ಬಂದೇಬಿಟ್ಟಿತು, ಬಿಕ್ಕಿ ಬಿಕ್ಕಿ.

ಅತ್ತೆಮ್ಮ ಗಾಬರಿಯಾದರು. "ಯಾಕವ್ವ? ಬೆರ್ಳು ಓಗದು ನಂದು, ನೀನ್ಯಾಕಳ್ತೀಯೆ?"

"ನಂಗೆ ಸಾಕಾಯ್ತು ಅತ್ತೆಮ್ಮ. ನಿಮ್ಮನ್ನ ಬೈದೂ ಆಯ್ತು, ಬೇಡ್ಕೊಂಡೂ ಆಯ್ತು. ನೀವು ಕುಂಟಿಕೊಂಡು ಓಡಾಡೋದನ್ನ ನಾನು ನೋಡಲಾರೆ."

ಅವರು ಬಲಗೈ ಚಾಚಿ ನನ್ನ ನೆತ್ತಿಯ ಮೇಲೆ ಒತ್ತಿ ಇಟ್ಟು, "ಅಳ್ಬ್ಯಾಡ. ಇವತ್ತಿಂದ ರಾತ್ರಿ ಒತ್ತು ಏನೂ ಮುಟ್ಟಾಕಿಲ್ಲ. ನಿನ್ ತಲೆ ಮ್ಯಾಲಾಣೆ" ಎಂದರು. ನಾನು ಮೂಗು ಒರೆಸಿಕೊಂಡು ಒಳಗೆ ಹೋದೆ. ನಂಬಲಿಲ್ಲ. ಯಾಕೆ ನಂಬಬೇಕು ಹೇಳಿ!

ಅವತ್ತು ರಾತ್ರಿ ಸದ್ದಿಲ್ಲ. ಮಾರನೆಯ ರಾತ್ರಿಯೂ ಇಲ್ಲ. ಟ್ರಂಕು ತಡಕಿದೆ, ಹಾಸಿಗೆ ಕೊಡವಿದೆ, ಗಂಡನ ಬ್ಯಾಗು ತಲೆಕೆಳಗು ಮಾಡಿದೆ. ಒಂದು ತುಣುಕೂ ಸಿಗಲಿಲ್ಲ. ಮೂರನೆಯ ರಾತ್ರಿ ಎರಡಕ್ಕೆ ನನಗೆ ತಾನಾಗಿ ಎಚ್ಚರವಾಯಿತು. ಮನೆ ತೀರಾ ನಿಶ್ಶಬ್ದವಾಗಿತ್ತು. ಯಾಕೋ ಮಲಗಲಾಗದೆ ಎದ್ದು ಹೋಗಿ ಅವರ ಕೋಣೆಯ ದೀಪ ಹಾಕಿದೆ.

ಅತ್ತೆಮ್ಮ ಮಂಚದ ಅಂಚಿನಲ್ಲಿ ಕೂತಿದ್ದರು. ರವಿಕೆ, ಸೆರಗು ಎಲ್ಲ ಬೆವರಿಗೆ ನೆಂದು ಮೈಗೆ ಅಂಟಿತ್ತು. ಎರಡೂ ಕೈಯಲ್ಲಿ ಮಂಚದ ಪಟ್ಟಿ ಬಿಗಿಯಾಗಿ ಹಿಡಿದಿದ್ದರು, ಆದರೂ ಕೈ ಗಡಗಡ ನಡುಗುತ್ತಿತ್ತು.

"ತಿಂದಿಲ್ಲ ಕಣವ್ವ" ಎಂದರು, ನಾಲಿಗೆ ತೊದಲುತ್ತಿತ್ತು. "ಬೇಕಾರೆ ನೋಡು... ತಿಂದಿಲ್ಲ."

ಅವರ ಮಾತ್ರೆಗಳನ್ನು ಡಾಕ್ಟರು ಏರಿಸುತ್ತ ಹೋದದ್ದು ಎರಡು ಗಂಟೆಗೆ ತಿನ್ನುವ ಹೊಟ್ಟೆಗೆ. ಈಗ ಆ ಹೊಟ್ಟೆ ಮೂರು ರಾತ್ರಿಯಿಂದ ಖಾಲಿ. ಮರುದಿನ ಬೆಳಿಗ್ಗೆ ಡಾಕ್ಟರು ಇದನ್ನು ಬಿಡಿಸಿ ಹೇಳಿದರು, ಸತ್ಯ ಮುಚ್ಚಿಟ್ಟದ್ದಕ್ಕೆ ನನಗೂ ಬೈದರು, ಮಾತ್ರೆ ಅರ್ಧಕ್ಕಿಳಿಸಿದರು. ಹುಣ್ಣು ಈಗ ಅಂಚಿನಿಂದ ಒಣಗುತ್ತಿದೆ. ಆದರೆ ಆ ಹೊತ್ತಿನಲ್ಲಿ ನನಗೆ ಹೊಳೆದದ್ದು ಒಂದೇ, ಸಕ್ಕರೆ ಇಳಿದುಹೋಗಿದೆ. ಗಂಡನನ್ನು ಕೂಗುತ್ತ ಅಡಿಗೆಮನೆಗೆ ಓಡಿದೆ. ಬೀಗ! ನಾನೇ ಜಡಿದ ಬೀಗ! ದಿಂಬಿನ ಕೆಳಗಿಂದ ಬೀಗದ ಕೈ ತಂದರೆ ಅದು ಎರಡು ಸಲ ನೆಲಕ್ಕೆ ಬಿತ್ತು. ಹೇಗೋ ತೆಗೆದು, ಸಕ್ಕರೆ ಡಬ್ಬ ಲೋಟಕ್ಕೆ ಬಗ್ಗಿಸಿ ನೀರು ಹಾಕಿ ಕದಡಿಕೊಂಡು ಬಂದೆ.

"ಕುಡೀರಿ ಅತ್ತೆಮ್ಮ, ಬೇಗ."

ಅವರು ಬಾಯಿ ಬಿಗಿದುಕೊಂಡು ತಲೆಯಾಡಿಸಿದರು.

"ದಮ್ಮಯ್ಯ ಅಂತೀನಿ, ಒಂದು ಗುಟುಕು!"

"ನಿನ್ ತಲೆ ಮುಟ್ಟಿ ಆಣೆ ಇಕ್ಕಿವ್ನಿ ಕಣವ್ವ... ದೇವ್ರಾದ್ರೆ ತಡ್ಕತಾನೆ. ನಿಂಗೇನಾರ ಆದ್ರೆ?"

ನಾನು ಅವರ ಒದ್ದೆ ಕೈ ಎತ್ತಿ ನನ್ನ ತಲೆಯ ಮೇಲಿಟ್ಟುಕೊಂಡೆ. "ಆಣೆ ವಾಪಸ್ ತಗೊಂಡೆ. ನೋಡಿ, ನನ್ನ ತಲೆ, ನಾನೇ ಹೇಳ್ತಿದೀನಿ. ನನಗೇನೂ ಆಗಲ್ಲ ಅತ್ತೆಮ್ಮ, ಬಾಯಿ ಬಿಡಿ."

ಬಾಯಿ ಬಿಟ್ಟರು. ಚಮಚದಲ್ಲಿ ಒಂದು ಗುಟುಕು ಹಾಕಿದೆ, ನುಂಗಿದರು. ಎರಡನೆಯದಕ್ಕೆ ಬಾಯಿ ತೆರೆಯುವ ಮೊದಲು, ಮಂಜಾದ ಆ ಕಣ್ಣುಗಳನ್ನು ಕಷ್ಟಪಟ್ಟು ಎತ್ತಿ ನನ್ನ ಮುಖವನ್ನು ನೋಡಿದರು, ನನಗೇನೂ ಆಗಿಲ್ಲ ತಾನೆ ಎಂದು.