ಏಳು ವರ್ಷದ ಹಿರಿಯ ಗುಮಾಸ್ತ

ಮಾನ್ವಿ ಶಾಖೆಯ ಹಿರಿಯ ಗುಮಾಸ್ತರಾದ ಶ್ರೀ ಗೋಪಾಲಕೃಷ್ಣಾಚಾರ್ಯರು ಜುಲೈ ಮೂರರ ಬೆಳಿಗ್ಗೆ ಹನ್ನೊಂದು ಗಂಟೆ ಎರಡು ನಿಮಿಷಕ್ಕೆ ಮಾನ್ವಿಯಲ್ಲಿಯೂ, ಹನ್ನೊಂದು ನಾಲ್ಕಕ್ಕೆ ದೇವದುರ್ಗದಲ್ಲಿಯೂ, ಹನ್ನೊಂದು ಐದಕ್ಕೆ ರಾಯಚೂರಿನಲ್ಲಿಯೂ ಕರ್ತವ್ಯದಲ್ಲಿದ್ದರು. ಇದು ದಾಖಲೆಯ ಮಾತು. ಅದೇ ಹೊತ್ತಿಗೆ ಅವರು ಮಾನ್ವಿ ಬಸ್ ನಿಲ್ದಾಣದ ಎದುರು ನಿಂತು ಚಹಾ ಕುಡಿಯುತ್ತಿದ್ದರೆಂಬುದು ಕಣ್ಣಾರೆ ಕಂಡವರ ಮಾತು, ಅದಕ್ಕೆ ದಾಖಲೆಯಿಲ್ಲ.

ಮೂರು ತಾಲೂಕುಗಳ ಬೀಜ ಸಂಗ್ರಹ ಸಹಕಾರ ಮಂಡಳದಲ್ಲಿ ಏಳು ವರ್ಷದ ಹಿಂದೆ ಎಲ್ಲ ಸಿಬ್ಬಂದಿಗೂ ಒಂದೊಂದು ಕಂಪ್ಯೂಟರ್ ಖಾತೆ ಕೊಟ್ಟಿದ್ದರು. ವಾರ ತುಂಬುವುದರೊಳಗೆ ಎಲ್ಲರೂ ತಂತಮ್ಮ ಪಾಸ್‌ವರ್ಡ್ ಮರೆತರು. ಮರೆತವರು ತುಂಬಬೇಕಾದ ಅರ್ಜಿ ಖಾತೆಯ ಒಳಗೇ ಇತ್ತು. ನೆನಪಿಟ್ಟುಕೊಂಡವರು ಆಚಾರ್ಯರೊಬ್ಬರೇ. ಬಾಗಿಲಿಗೆ ಬಂದವರು ನೀರು ಕೇಳಿದರೆ ಇಲ್ಲ ಅನ್ನಲಿಕ್ಕಾದೀತೆ? ಕೇಳಿದವರಿಗೆಲ್ಲ ತಮ್ಮ ಪಾಸ್‌ವರ್ಡ್ ಕೊಟ್ಟರು. ದೇವದುರ್ಗದ ಗುಮಾಸ್ತೆ ಸುನಂದಾ ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕ ಬರೆದಿಟ್ಟಳು. ರಾಯಚೂರು ಮುಖ್ಯ ಕಚೇರಿಯ ಜವಾನ ಪೀರಾ ಸಾಬ್ ಬಾಯಿಪಾಠ ಮಾಡಿಕೊಂಡ. ಅಂದಿನಿಂದ ಮೂರೂ ಊರು ಆಚಾರ್ಯರ ಹೆಸರಿನಲ್ಲೇ ದುಡಿಯತೊಡಗಿದವು.

ಜುಲೈ ಮೂರಕ್ಕೆ ‘ಕೇಂದ್ರೀಕೃತ ಕ್ಲೌಡ್ ಭದ್ರತೆ ಮತ್ತು ನಿಯಮಪಾಲನೆ ನಿಗಾ ವ್ಯವಸ್ಥೆ’ ಬಂತು. ರಾಯಚೂರು ಕಚೇರಿಯ ಗೋಡೆಗೆ ದೊಡ್ಡ ಟಿವಿ ಹಾಕಿದರು. ನಿಯಮ ಪಾಲಿಸಿದ ಶಾಖೆ ಹಸಿರು, ಪಾಲಿಸದ್ದು ಕೆಂಪು. ಕಾರ್ಯದರ್ಶಿ ಅಂಬರೀಶ ತೆಂಗಿನಕಾಯಿ ಒಡೆದು ಪ್ರಯೋಜನಗಳನ್ನು ವಿವರಿಸಿದರು: “ಇಷ್ಟು ದಿನ ಮೂರು ಊರಿನ ತಪ್ಪು ಮುಚ್ಚಾಕ ಮೂರು ಊರಿಗೆ ಅಡ್ಡಾಡಬೇಕಾಗಿತ್ತು. ಇನ್ನ ಇಲ್ಲೇ ಕುಂತು ಮುಚ್ಚಬಹುದು.” ಚಪ್ಪಾಳೆ ಬಿತ್ತು.

ಚಪ್ಪಾಳೆ ನಿಲ್ಲುವ ಮುಂಚೆಯೇ ಮೂರೂ ಶಾಖೆ ಕೆಂಪಾದವು. ‘ಅಸಾಧ್ಯ ಪ್ರಯಾಣ. ಒಬ್ಬನೇ ವ್ಯಕ್ತಿ ಮೂರು ನಿಮಿಷದಲ್ಲಿ ಮೂರು ಊರು. ಸಕಾರಣವಿದ್ದರೆ ಆದೇಶ ಲಗತ್ತಿಸಿ.’

ಪಾಸ್‌ವರ್ಡ್ ಹಂಚಿಕೊಂಡಿದ್ದೇವೆ ಎಂದರೆ ಶಿಸ್ತುಕ್ರಮ; ಆದೇಶ ಲಗತ್ತಿಸಿದರೆ ಹಸಿರು. ಅಂಬರೀಶ ಆದೇಶ ಹೊರಡಿಸಿದರು:

‘ಶ್ರೀ ಗೋಪಾಲಕೃಷ್ಣಾಚಾರ್ಯರು ಕಚೇರಿ ವೇಳೆಯಲ್ಲಿ ಮೂರೂ ಸ್ಥಳಗಳಲ್ಲಿ ಏಕಕಾಲಕ್ಕೆ ಹಾಜರಿರಲು ಅನುಮತಿಸಲಾಗಿದೆ. ಊಟದ ವೇಳೆಯಲ್ಲಿ ಮಾತ್ರ ಒಂದೇ ಕಡೆ ಇರತಕ್ಕದ್ದು.’

ಟಿವಿ ಹಸಿರಾಯಿತು. ಜತೆಗೆ ಒಂದು ಹೊಸ ನಿಯಮ ಹೇರಿತು: ಖಾತೆ ತೆರೆದಾಗಲೆಲ್ಲ ಆರು ಅಂಕಿಯ ಕೋಡ್ ಆಚಾರ್ಯರ ಮೊಬೈಲಿಗೆ ಬರಬೇಕು. ಅವರು ಅದನ್ನು ಓದಿ ಹೇಳಿದರಷ್ಟೇ ಮೂರೂ ಊರಿನ ಕೆಲಸ ಮುಂದೆ ಸಾಗುವುದು.

“ಆಚಾರ್ರ, ಕೋಡ್ ಹೇಳ್ರಿ ಲಗೂನ,” ಸುನಂದಾಳ ಫೋನು.

“ಈಗರ ಹೇಳಿದ್ನಲ್ಲವ್ವಾ.”

“ಅದು ಹಳಸ್ತ್ರೀ. ಹೊಸಾದು ಹೇಳ್ರಿ.”

ಆಚಾರ್ಯರಿಗೆ ಇದೆಲ್ಲ ಒಂದು ತಿಂಗಳ ಮಾತು. ಜುಲೈ ಮೂವತ್ತೊಂದಕ್ಕೆ ಅವರ ನಿವೃತ್ತಿ. ಸನ್ಮಾನ ಬೇಡ, ಶಾಲು ಬೇಡ; ಮೂವತ್ತಾರು ವರ್ಷದಿಂದ ಅವರು ಆಸೆಪಟ್ಟಿದ್ದು ಮಧ್ಯಾಹ್ನದ ಊಟವಾದ ಮೇಲೆ ಎರಡು ತಾಸಿನ ನಿದ್ದೆ, ಅಷ್ಟೇ. ಆ ದಿನ ಬೆಳಿಗ್ಗೆ ಬಿಡುಗಡೆ ಪತ್ರ ತರಲು ಅವರು ರಾಯಚೂರಿಗೆ ಹೋದರು.

ಅಂಬರೀಶರ ಮುಖ ಬಾಡಿತು. “ನೀವು ಹ್ವಾದ್ರ ಇಪ್ಪತ್ತನಾಲ್ಕು ತಾಸಿನಾಗ ನಿಮ್ಮ ಖಾತೆ ಮುಚ್ಚಬೇಕಂತ. ಮುಚ್ಚಿದ್ರ ಮೂರೂ ಶಾಖೆ ಬಂದ್. ಒಂದು ಕೆಲಸ ಮಾಡೋಣು. ನೀವು ನಿವೃತ್ತಿ ಆಗ್ರಿ, ಖಾತೆ ಸೇವಾದಾಗ ಇರ್ಲಿ.”

“ನನ್ನ ಬಿಟ್ಟು ಇರ್ತದೇನ್ರೀ ಅದು?”

“ಏಳು ವರ್ಷ ಇದ್ದದ್ದೇ ಹಂಗಲ್ರೀ.”

ಅಂಬರೀಶ ಒತ್ತಿದರು: ‘ವ್ಯಕ್ತಿ ನಿವೃತ್ತ. ಖಾತೆ ಮುಂದುವರಿಕೆ.’ ವ್ಯವಸ್ಥೆ ತಕರಾರು ಮಾಡಲಿಲ್ಲ. ಖಾತೆಯನ್ನು ಸ್ವತಂತ್ರ ನೌಕರನೆಂದು ದಾಖಲಿಸಿ, ಅದು ತೆರೆದ ದಿನವನ್ನೇ ಜನ್ಮದಿನವೆಂದು ಹಿಡಿದು, ಮೂರೂ ಶಾಖೆಗಳನ್ನು ಹಿಂದೆಂದೂ ಕಾಣದಷ್ಟು ಕೆಂಪು ಮಾಡಿತು: ‘ಏಳು ವರ್ಷದ ಬಾಲಕನಿಂದ ದುಡಿಮೆ.’

ಪೀರಾ ಸಾಬ್ ಟಿವಿ ನೋಡಿ ಹಣೆ ಚಚ್ಚಿಕೊಂಡ. “ಯಾ ಅಲ್ಲಾ! ಸಾಹೇಬ್ರ, ಸಣ್ಣ ಕೂಸಿನ ಕಡಿಂದ ಇಷ್ಟು ದಿನ ಕೆಲಸ ತಗೊಂಡ್ವೇನ್ರೀ?”

ಪರಿಹಾರವೂ ಟಿವಿಯಲ್ಲೇ ಇತ್ತು: ಪೋಷಕರ ಒಪ್ಪಿಗೆ ಮತ್ತು ಕೆಲಸದ ವೇಳೆಯುದ್ದಕ್ಕೂ ಪೋಷಕರ ಹಾಜರಿ. ಹೀಗೆ ಆಚಾರ್ಯರು ಬೆಳಿಗ್ಗೆ ಹನ್ನೊಂದಕ್ಕೆ ಸೇವೆಯಿಂದ ಬಿಡುಗಡೆಯಾಗಿ, ಹನ್ನೊಂದೂಕಾಲಿಗೆ ತಮ್ಮದೇ ಖಾತೆಯ ಪೋಷಕರಾಗಿ ಸಹಿ ಹಾಕಿದರು. ಹಾಜರಿ ಹತ್ತರಿಂದ ಐದೂವರೆ. ನಿವೃತ್ತಿ ವಯಸ್ಸಿಗೆ ಹುಡುಗನಿಗಿನ್ನೂ ಐವತ್ತಮೂರು ವರ್ಷ ಬಾಕಿಯಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದರು. “ಸಂಜಿತನಕ ಕೂಡಬೇಕಂತ. ನಿದ್ದಿ ಈ ಜನ್ಮಕ್ಕ ಇಲ್ಲ ಬಿಡು.”

ಅಹಲ್ಯಾಬಾಯಿ ಮೂವತ್ತು ವರ್ಷ ಮಾನ್ವಿಯಲ್ಲಿ ಬಾಲವಾಡಿ ನಡೆಸಿದ ಹೆಂಗಸು. ನಗಲಿಲ್ಲ, ಅಳಲಿಲ್ಲ. ಮರುದಿನ ಮೊದಲ ಬಸ್ಸಿಗೆ ರಾಯಚೂರಿಗೆ ಹೋಗಿ ಅಂಬರೀಶರ ಎದುರು ಕೂತರು.

“ಕೂಸು ಎಷ್ಟು ವರ್ಷದ್ದು?”

“ಏಳು ಅಂತ ತೋರಸ್ತದ್ರೀ ಅಮ್ಮಾರ.”

“ಮಧ್ಯಾಹ್ನ ಎಷ್ಟೊತ್ತು ಮಲಗಸ್ತೀರಿ?”

“ಮಲಗಸೋದು... ಅಮ್ಮಾರ, ಅದು ಖಾತಿ.”

“ಖಾತಿ ಅಂದ್ರ ಸಂಜಿತನಕ ಕೂಡಸ್ರಿ. ಆದ್ರ ನಮ್ಮನಿಯವ್ರು ಪೋಷಕರು ಅಂತ ಬರಿಸಿಕೊಂಡೀರಿ, ಅದನ್ನ ಅಳಸ್ರಿ. ಕೂಸು ಅಂದ್ರ ಒಂದು ಹೊಡೀತಿದ್ದಂಗ ಮನಿಗೆ ಕಳಿಸ್ರಿ. ಎರಡರಾಗ ಒಂದು ಹೇಳ್ರಿ, ನಾನು ನಿಮ್ಮ ಟಿವಿಗೇ ಕೇಳ್ತೀನಿ.”

ಅಂಬರೀಶ ಟಿವಿಯ ಕಡೆ ನೋಡಿದರು. ಟಿವಿ ಹಸಿರಾಗಿತ್ತು. ಆ ಹಸಿರನ್ನು ಕಳೆದುಕೊಳ್ಳುವ ಧೈರ್ಯ ಮಂಡಳದಲ್ಲಿ ಯಾರಿಗೂ ಇರಲಿಲ್ಲ. ಸಂಜೆಯೇ ಸುತ್ತೋಲೆ ಹೊರಟಿತು:

‘ಹಿರಿಯ ಗುಮಾಸ್ತರ ಎಳೆಯ ವಯಸ್ಸನ್ನು ಗಮನದಲ್ಲಿಟ್ಟು ಮೂರೂ ಶಾಖೆಗಳು ಮಧ್ಯಾಹ್ನ ಒಂದಕ್ಕೆ ಮುಚ್ಚತಕ್ಕದ್ದು. ದಸರಾ ಮತ್ತು ಬೇಸಿಗೆ ರಜೆ ಶಾಲೆಗಳಂತೆ. ಹಿರಿಯ ಗುಮಾಸ್ತರನ್ನು ಯಾರೂ ಗದರತಕ್ಕದ್ದಲ್ಲ.’

ಸಿಬ್ಬಂದಿ ಸುತ್ತೋಲೆಗೆ ಹೂವಿನ ಹಾರ ಹಾಕಿದರು. ಆ ವರ್ಷದ ಅತ್ಯುತ್ತಮ ನಿಯಮಪಾಲನೆಯ ಪ್ರಶಸ್ತಿಯೂ ಮಂಡಳಕ್ಕೇ ಬಂತು.

ಮೊನ್ನೆ ಕಲ್ಮಲದ ಮುದುಕಪ್ಪ ತೊಗರಿ ಬೀಜ ಕೇಳಿಕೊಂಡು ಎರಡು ಗಂಟೆಗೆ ರಾಯಚೂರು ಕಚೇರಿಗೆ ಬಂದ. ಬಾಗಿಲು ಮುಚ್ಚಿತ್ತು. “ಯಾರದೀರಿ ಒಳಗ?” ಎಂದು ದಬದಬ ಬಡಿದ. ಹೊರಗೆ ನೆರಳಲ್ಲಿ ಕೂತಿದ್ದ ಪೀರಾ ಸಾಬ್ ಎದ್ದು ಓಡಿಬಂದ.

“ಯಪ್ಪಾ, ಮೆಲ್ಲಕ! ಹಿರೇ ಗುಮಾಸ್ತ ಮಲಗ್ಯಾನ.”

“ಹಗಲಾಗ?”

“ಏಳು ವರ್ಷದವ.”

ಮುದುಕಪ್ಪ ನಾಲಿಗೆ ಕಚ್ಚಿಕೊಂಡ. ಕಾಲಲ್ಲಿನ ಕಿರ್ರೆನ್ನುವ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಸಪ್ಪಳವಾಗದಂತೆ ಮೆಟ್ಟಿಲಿಳಿದು ಹೋದ.